ಹುಳಿ ಮಾತು, ಹರಿತ ಮಾತು

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಹುಳಿಯ ಸುತ್ತಲೇ ಇವೆ. ಆ್ಯಸಿಡ್, ಸೌರ್, ಟಾರ್ಟ್, ಅಸರ್ಬಿಕ್ ಮುಂತಾದ ಇಂಗ್ಲಿಷ್ ಪದಗಳು ಅಡುಗೆಮನೆಯಲ್ಲಿ ಒಂದು ಅರ್ಥ ಕೊಟ್ಟು, ಆಫೀಸಿನ ಇಮೇಲಿನಲ್ಲಿ ಇನ್ನೊಂದು ಅರ್ಥ ಕೊಟ್ಟು ಹಲವರ ನಿದ್ದೆ ಕೆಡಿಸಿವೆ. ವ್ಯಾಕರಣದ ಸಂದೇಹಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವನ್ನೇ ಮೊದಲು ನೋಡೋಣ.

ಪ್ರಶ್ನೆ: ನನ್ನ ಮಗಳು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ತರಬೇತಿಗೆ ಸೇರಿದ್ದಾಳೆ. ಅವಳು ಬರೆದ ಸಿನಿಮಾ ವಿಮರ್ಶೆ 'ಅಸಿಡ್ಯುಲಸ್' ಆಗಿದೆ ಎಂದು ಸಂಪಾದಕರು ಬರೆದಿದ್ದಾರೆ. ಅವಳೇನೋ ನಗುತ್ತ ತೋರಿಸಿದಳು. ನನಗೆ ಅದರೊಳಗಿನ 'ಆ್ಯಸಿಡ್' ಕಂಡು ಎದೆ ಧಸಕ್ಕೆಂದಿತು. ಇದು ಬೈಗುಳವೇ? ಎಚ್ಚರಿಕೆಯೇ? ಯಾರಾದರೂ ಸಿಟ್ಟಿನಿಂದ ಏನಾದರೂ ಮಾಡಿಬಿಟ್ಟರೆ?
— ಒಬ್ಬ ತಾಯಿ, ತುಮಕೂರು

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಸಂಪಾದಕರು ನಿಮ್ಮ ಮಗಳನ್ನು ಬೈದಿಲ್ಲ, ಎಚ್ಚರಿಸಿಯೂ ಇಲ್ಲ. ಬರವಣಿಗೆಯಲ್ಲಿ ಒಂದು ಚುರುಕಿದೆ, ಅಲ್ಲಲ್ಲಿ ಸಣ್ಣಗೆ ಚುಚ್ಚುತ್ತದೆ ಎಂದಷ್ಟೇ ಹೇಳಿದ್ದಾರೆ. ವಿಮರ್ಶೆ ಬರೆಯುವವರಿಗೆ ಅದು ಹೆಚ್ಚುಕಡಿಮೆ ಮೆಚ್ಚುಗೆಯೇ. ಮಗಳು ನಕ್ಕದ್ದು ಅದಕ್ಕೇ ಇರಬೇಕು.

ಹಾಗೆಂದು ನಿಮ್ಮ ದಿಗಿಲು ಸುಮ್ಮನೆ ಹುಟ್ಟಿದ್ದಲ್ಲ. ನಮ್ಮಲ್ಲಿ 'ಆ್ಯಸಿಡ್' ಎಂದ ಕೂಡಲೇ ಹುಳಿಯ ನೆನಪಾಗುವುದಿಲ್ಲ. ಹೆಣ್ಣುಮಕ್ಕಳ ಮೇಲೆ ನಡೆದ ದಾಳಿಗಳ ನೆನಪಾಗುತ್ತದೆ. ಆ ಕ್ರೌರ್ಯಕ್ಕೆಂದೇ 2013ರಲ್ಲಿ ಭಾರತೀಯ ದಂಡಸಂಹಿತೆಗೆ ಪ್ರತ್ಯೇಕ ಕಲಮು ಸೇರಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅಂಗಡಿಗಳಲ್ಲಿ ಆ್ಯಸಿಡ್ ಮಾರುವುದಕ್ಕೆ ಕಟ್ಟುಪಾಡು ಹಾಕಿತು. ಆ ಸುದ್ದಿಗಳನ್ನು ಓದಿಕೊಂಡು ಬಂದ ತಾಯಿಗೆ ಈ ಪದ ಕಂಡಾಗ ಬೇರೇನು ಹೊಳೆದೀತು? ಆದರೆ ಸಂಪಾದಕರ ಪದ ಬಂದ ದಾರಿ ಬೇರೆ. ಅದನ್ನು ಸ್ವಲ್ಪ ನೋಡೋಣ.

ಲ್ಯಾಟಿನ್ ಭಾಷೆಯಲ್ಲಿ 'ಅಸಿಡುಸ್' ಎಂದರೆ ಹುಳಿ. ಅದನ್ನು ಕಿರಿದುಗೊಳಿಸಿದ ರೂಪ 'ಅಸಿಡುಲುಸ್', ಎಂದರೆ ತುಸುವೇ ಹುಳಿಯಾದದ್ದು. ಇಂಗ್ಲಿಷಿನ ಅಸಿಡ್ಯುಲಸ್ ಅಲ್ಲಿಂದ ಬಂತು. ಮೂಲದಲ್ಲಿ ಅದು ಬಾಯಿರುಚಿಯ ಮಾತು. ಪೂರ್ತಿ ಮಾಗದ ಕಿತ್ತಳೆ, ನಿಂಬೆ ಹಿಂಡಿದ ನೀರು ಅಸಿಡ್ಯುಲಸ್. ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಹೆಚ್ಚಿದ ಸೇಬು ಕಪ್ಪಾಗದಂತೆ 'ಅಸಿಡ್ಯುಲೇಟೆಡ್ ವಾಟರ್'ನಲ್ಲಿ ಹಾಕಿಡಿ ಎಂದು ಬರೆದಿರುತ್ತಾರೆ. ನೀವು ಬಾಳೆದಿಂಡು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುತ್ತೀರಲ್ಲ, ಅದೇ ಉಪಾಯ. ಇಂಗ್ಲೆಂಡಿನ ಮಕ್ಕಳು ಚೀಪುವ ಹುಳಿಮಿಠಾಯಿಗೆ 'ಆ್ಯಸಿಡ್ ಡ್ರಾಪ್ಸ್' ಎಂಬ ಹೆಸರೇ ಇದೆ. ಅದರಲ್ಲಿರುವುದು ಸಕ್ಕರೆ ಮತ್ತು ಟಾರ್ಟಾರಿಕ್ ಆಮ್ಲ (ನಮ್ಮ ಹುಣಸೆಹಣ್ಣಿನಲ್ಲಿ ಹೇರಳವಾಗಿರುವ ಹುಳಿ).

ಹುಳಿಯ ಪದ ಮಾತಿನ ಚುಚ್ಚುವಿಕೆಗೆ ಬಂದದ್ದು ಹೇಗೆ? ಆ ಲ್ಯಾಟಿನ್ ಪದದ ಬೇರಿನಲ್ಲಿರುವ ಅರ್ಥ 'ಮೊನಚು'. ಸೂಜಿಗೆ ಲ್ಯಾಟಿನ್ನಿನಲ್ಲಿ 'ಅಕುಸ್'. ಅಕ್ಯುಪಂಕ್ಚರ್ ಚಿಕಿತ್ಸೆಯ ಹೆಸರಿನ ಮೊದಲ ಅರ್ಧ ಅದೇ. ರೇಖಾಗಣಿತದ 'ಅಕ್ಯೂಟ್ ಆ್ಯಂಗಲ್' (ಲಘುಕೋನ) ಎಂದರೆ ಚೂಪಾದ ಕೋನ. ಕತ್ತಿಯ ಅಂಚನ್ನು ಹೇಳುವ 'ಎಡ್ಜ್' ಕೂಡ ಇದೇ ಬಳ್ಳಿಯದು. ಹಾಗಾಗಿ ಈ ಪದಗಳ ಬಳಗದಲ್ಲಿ ಹುಳಿ ಎಂದರೆ ನಾಲಿಗೆಯನ್ನು ಚುಚ್ಚುವ ರುಚಿ. ನಾಲಿಗೆಯನ್ನು ಚುಚ್ಚುವ ಪದ ನಾಲಿಗೆಯಿಂದ ಹೊರಟು ಕಿವಿಯನ್ನು ಚುಚ್ಚುವ ಮಾತಿಗೂ ಸಂದಿತು.

ಈ ಚುಚ್ಚುವ ಪದಗಳಲ್ಲಿ ಪ್ರಮಾಣಭೇದವಿದೆ. ಅಸಿಡ್ಯುಲಸ್ ಎಲ್ಲಕ್ಕಿಂತ ಮೆದು. 'ಅಸರ್ಬಿಕ್' ಅದಕ್ಕಿಂತ ಗಟ್ಟಿ. 'ಕರೋಸಿವ್' (ಲೋಹವನ್ನು ತಿಂದುಹಾಕುವಂಥದ್ದು) ಎಂದರೆ ಮಾತ್ರ ನಿಜಕ್ಕೂ ಹಾನಿ ಮಾಡುವ ಮಾತು. ಒಬ್ಬರ ನಡತೆಯನ್ನು ಹಾಗೆ ಕರೆದರೆ ಅದು ದೂರೇ ಸರಿ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಪದದಲ್ಲಿಲ್ಲ, ವಿಮರ್ಶೆಯಲ್ಲಿದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಓದಿಸಿ ಕೇಳಿ. ಚುಚ್ಚಿದ್ದು ಚಿತ್ರಕಥೆಯನ್ನೇ, ನಟನೆಯನ್ನೇ, ಅಥವಾ ನಟಿಯ ಮೈಬಣ್ಣವನ್ನೇ? ಮೊದಲಿನ ಎರಡಾದರೆ ನಿಶ್ಚಿಂತರಾಗಿರಿ. ಮೂರನೆಯದಾದರೆ ಆ ವಾಕ್ಯವನ್ನು ತೆಗೆಸಿ. ಅವಳ ಸಂಪಾದಕರೂ ಅದನ್ನೇ ಹೇಳುತ್ತಿದ್ದರು. ಬರೆದದ್ದಕ್ಕೆ ಯಾರಾದರೂ ನಿಜವಾಗಿ ಬೆದರಿಕೆ ಹಾಕಿದರೆ ಮಾತ್ರ, ಆ ಸಂದೇಶವನ್ನು ಅಳಿಸದೆ ಸಂಪಾದಕರಿಗೂ ಪೊಲೀಸರಿಗೂ ತಲುಪಿಸಲಿ.

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇದ್ದೇನೆ. ಹೊರದೇಶದ ಗ್ರಾಹಕರಿಗೆ ಕಳಿಸಿದ ಒಂದು ಇಮೇಲಿನ ಬಗ್ಗೆ ಮ್ಯಾನೇಜರ್ ಎರಡು ಮಾತು ಬರೆದರು: ನನ್ನ ಧಾಟಿ 'ಸ್ವಲ್ಪ ಅಸರ್ಬಿಕ್' ಆಗಿತ್ತು, ಸಂಬಂಧ 'ಸೌರ್' ಆಗದಂತೆ ನೋಡಿಕೊಳ್ಳಿ. ನಿಘಂಟು ನೋಡಿದರೆ ಎರಡಕ್ಕೂ ಹುಳಿ ಎಂದೇ ಇದೆ. ಕೆಲಸ ಹೋಗುತ್ತದೆಯೋ ಎಂಬ ಭಯದಲ್ಲಿ ಎರಡು ರಾತ್ರಿ ನಿದ್ದೆಯಿಲ್ಲ.
— ಎಂಜಿನಿಯರ್, ಬೆಂಗಳೂರು

ಉತ್ತರ: ಕೆಲಸದ ಮೇಲೆ ಮನೆಯ ಬಾಡಿಗೆ, ಸಾಲದ ಕಂತು ಎಲ್ಲವೂ ನಿಂತಿರುವಾಗ ಹೀಗೊಂದು ಇಮೇಲ್ ಬಂದರೆ ನಿದ್ದೆ ಹತ್ತದಿರುವುದು ಸಹಜ. ಆದರೂ ಆ ಎರಡು ವಾಕ್ಯಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಮ್ಯಾನೇಜರ್ ಅಸರ್ಬಿಕ್ ಎಂದದ್ದು ಆಗಿಹೋದ ಸಂಗತಿಗೆ. ಅದರ ಮುಂದೆ 'ಸ್ವಲ್ಪ' ಎಂಬ ಮಾತೂ ಇದೆ. ಸೌರ್ ಎಂದದ್ದು ಇನ್ನೂ ಆಗದ, ಆಗದಿರಲಿ ಎಂದು ಬಯಸುವ ಸಂಗತಿಗೆ. ಹೊರಗೆ ಹಾಕಬೇಕೆಂದಿರುವವರು ಮುಂದೆ ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಡುವುದಿಲ್ಲ.

ನಿಘಂಟು ಎರಡಕ್ಕೂ ಹುಳಿ ಎಂದು ಬರೆದು ಕೈತೊಳೆದುಕೊಂಡಿದೆ. ನನಗೆ ನಮ್ಮ ಇಂಗ್ಲಿಷ್–ಕನ್ನಡ ನಿಘಂಟುಗಳ ಮೇಲಿರುವ ತಕರಾರು ಇದೇ: ರುಚಿಯನ್ನು ಹೇಳುತ್ತವೆ, ರುಚಿ ಮಾಡುವ ಕೆಲಸವನ್ನು ಹೇಳುವುದಿಲ್ಲ. ಅಸರ್ಬಿಕ್ ಬಂದದ್ದು ಲ್ಯಾಟಿನ್ನಿನ 'ಅಸರ್ಬುಸ್' ಪದದಿಂದ. ಅದು ಬಲಿಯದ ಕಾಯಿ ಕಚ್ಚಿದಾಗಿನ ಹುಳಿಮಿಶ್ರಿತ ಒಗರು. ಮಾತಿಗೆ ಹೇಳಿದಾಗ, ನಯವಿಲ್ಲದ, ಚುರುಕಾದ, ಕೆಲವೊಮ್ಮೆ ಬುದ್ಧಿವಂತಿಕೆಯಿಂದ ಕೂಡಿದ ಕಟುತನ. ಅಂಕಣಕಾರರಿಗೆ 'ಅಸರ್ಬಿಕ್ ವಿಟ್' ಇದೆ ಎಂದರೆ ಹೊಗಳಿಕೆ. ಗ್ರಾಹಕರಿಗೆ ಬರೆಯುವ ಪತ್ರದಲ್ಲಿ ಮಾತ್ರ ಅದು ಬೇಡ.

ಸೌರ್ ಬೇರೆ ಮನೆತನದ್ದು. (ಉಚ್ಚಾರಣೆ 'ಸವರ್' ಎಂಬುದಕ್ಕೆ ಹತ್ತಿರ, ನಮ್ಮ ಸೌರಮಂಡಲಕ್ಕೂ ಇದಕ್ಕೂ ನಂಟಿಲ್ಲ.) ಇದು ಲ್ಯಾಟಿನ್ನಿನಿಂದ ಬಂದದ್ದಲ್ಲ, ಇಂಗ್ಲಿಷಿನ ಹಳೆಯ ಸ್ವಂತ ಪದ, ಜರ್ಮನ್ನರು 'ಸಾವರ್' ಎನ್ನುತ್ತಾರೆ. ಇದರಲ್ಲಿ ಚೂಪಿಗಿಂತ ಕೆಡುವಿಕೆ ಹೆಚ್ಚು. ಹಾಲು ಸೌರ್ ಆಗುತ್ತದೆ, ಒಪ್ಪಂದ ಸೌರ್ ಆಗುತ್ತದೆ, ಮನಸ್ಸು ಸೌರ್ ಆಗುತ್ತದೆ. ಸದಾ ಮುಖ ಗಂಟು ಹಾಕಿಕೊಂಡವರನ್ನು ಅಮೆರಿಕದವರು 'ಸೌರ್‌ಪುಸ್' ಎಂದು ಕರೆಯುತ್ತಾರೆ. ಇದನ್ನು ಕನ್ನಡದವರು ಅರ್ಥ ಮಾಡಿಕೊಳ್ಳಲು ಕಷ್ಟಪಡಬೇಕಾಗಿಲ್ಲ. ಚೆನ್ನಾಗಿದ್ದ ಸಂಸಾರಕ್ಕೆ ಯಾರೋ ಹುಳಿ ಹಿಂಡಿದರು ಎನ್ನುತ್ತೇವೆ. ಎರಡು ದೇಶಗಳ ಸಂಬಂಧ ಹಳಸಿದೆ ಎಂದು ನಮ್ಮ ಪತ್ರಿಕೆಗಳು ಬರೆಯುವುದು ಇಂಗ್ಲಿಷಿನ ಇದೇ ಮಾತಿಗೆ.

ವ್ಯತ್ಯಾಸ ತಿಳಿದರೆ ಮಾಡಬೇಕಾದದ್ದೂ ತಿಳಿಯುತ್ತದೆ. ಅಸರ್ಬಿಕ್ ಧಾಟಿಯನ್ನು ಒಂದು ಮಧ್ಯಾಹ್ನದಲ್ಲಿ ತಿದ್ದಬಹುದು. ನಿಮ್ಮ ಇಮೇಲನ್ನು ತೆರೆದು 'ಮೊದಲೇ ಹೇಳಿದಂತೆ', 'ಸ್ಪಷ್ಟವಾಗಿಯೇ ಬರೆದಿದ್ದರೂ' ಎಂಬಂಥ ತುಣುಕುಗಳು ಎಷ್ಟಿವೆ ನೋಡಿ. ನಮ್ಮ ಹುಡುಗರು ಇವನ್ನು ಖಚಿತತೆಗಾಗಿ ಬರೆಯುತ್ತಾರೆ. ಓದುವವರಿಗೆ ಅವು ತಲೆಗೆ ಮೊಟಕಿದಂತೆ ಕೇಳುತ್ತವೆ. ತೆಗೆದುಹಾಕಿದರೆ ವಾಕ್ಯಕ್ಕೆ ಏನೂ ನಷ್ಟವಿಲ್ಲ. ಆಮೇಲೆ ಮ್ಯಾನೇಜರಿಗೆ ಎರಡು ಸಾಲು ಬರೆಯಿರಿ: ಗಮನಕ್ಕೆ ತಂದದ್ದಕ್ಕೆ ಧನ್ಯವಾದ, ಮುಂದಿನ ಪತ್ರವನ್ನು ಕಳಿಸುವ ಮುನ್ನ ನಿಮಗೆ ತೋರಿಸುತ್ತೇನೆ. ಅದಕ್ಕಿಂತ ಉದ್ದದ ಕ್ಷಮಾಪಣೆ ಬೇಡ.

ಹಾಗೆಯೇ ಇನ್ನೊಂದು ಪದ ಗುರುತಿಟ್ಟುಕೊಳ್ಳಿ: 'ಆಕ್ರಿಮೋನಿಯಸ್'. ಇದೂ ಚುಚ್ಚುವ ಬಳಗದ್ದೇ, ಆದರೆ ವಿಚ್ಛೇದನಗಳಿಗೂ ಪಾಲುದಾರರ ಜಗಳಕ್ಕೂ ಬಳಸುವಂಥದ್ದು. ಅದು ಬಂದ ದಿನ ನನಗೆ ಪತ್ರ ಬರೆಯುವುದು ಬಿಟ್ಟು ವಕೀಲರನ್ನು ನೋಡಿ.

ಪ್ರಶ್ನೆ: ಒಂದು ಕಾದಂಬರಿಯ ಅನುವಾದದಲ್ಲಿ ಅಜ್ಜಿಯ 'ಆ್ಯಸಿಡ್ ಟಂಗ್' ಎಂಬುದನ್ನು 'ಹುಳಿ ನಾಲಿಗೆ' ಎಂದು ಬರೆದೆ. ಪ್ರಕಾಶಕರು ನಕ್ಕರು. 'ಆಮ್ಲ ನಾಲಿಗೆ' ಎಂದರೆ ಇನ್ನೂ ನಗುತ್ತಾರೆ. ನನ್ನ ಕನ್ನಡವೇ ಸರಿಯಿಲ್ಲವೇನೋ ಎನಿಸಿದೆ.
— ಹವ್ಯಾಸಿ ಅನುವಾದಕಿ, ಮೈಸೂರು

ಉತ್ತರ: ನಿಮ್ಮ ಕನ್ನಡಕ್ಕೆ ಏನೂ ಆಗಿಲ್ಲ. ಪ್ರಕಾಶಕರು ನಕ್ಕ ಜಾಗದಲ್ಲೇ ನಿಮ್ಮ ಕಿವಿಯೂ ಎಲ್ಲೋ ತಕರಾರು ಮಾಡಿದೆ. ಇಲ್ಲದಿದ್ದರೆ ಪತ್ರ ಬರೆಯುತ್ತಿರಲಿಲ್ಲ.

ಕನ್ನಡದ ಹುಳಿ ಕೆಡಿಸುತ್ತದೆ, ಹಿಂಡುತ್ತದೆ, ಮುಖವನ್ನು ಹುಳ್ಳಗೆ ಮಾಡುತ್ತದೆ. 'ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ' ಎನ್ನುವಾಗ ಅದೇ ಹುಳಿ ಬತ್ತದ ಕಸುವಿಗೂ ಹೆಸರಾಗುತ್ತದೆ. ಆದರೆ ಅದು ಚುಚ್ಚುವುದಿಲ್ಲ. ಚುಚ್ಚುವ ಕೆಲಸವನ್ನು ನಮ್ಮ ಭಾಷೆ ಖಾರಕ್ಕೆ ಒಪ್ಪಿಸಿದೆ. ಸಭೆಯಲ್ಲಿ ಖಾರವಾಗಿ ಮಾತಾಡಿದರು, ಖಾರದ ಪತ್ರ ಬರೆದರು ಎನ್ನುತ್ತೇವೆ. ಜೊತೆಗೆ ಕಟಕಿ, ಕೊಂಕು, ಮೊನೆಮಾತು, ಚುಚ್ಚುಮಾತು ಇವೆ.

ನಿಮ್ಮ ಅಜ್ಜಿ ಎಂಥವರು ಎಂಬುದನ್ನು ನೋಡಿ ಆರಿಸಿಕೊಳ್ಳಿ. ನೇರವಾಗಿ ಬೈಯುವವರಾದರೆ 'ನಾಲಿಗೆ ಖಾರ'. ನಗುನಗುತ್ತಲೇ ಸೊಸೆಯನ್ನು ತಿವಿಯುವವರಾದರೆ 'ಕೊಂಕು ನಾಲಿಗೆ'. ಯಾರನ್ನೂ ಬಿಡದವರಾದರೆ 'ಅಜ್ಜಿಯ ನಾಲಿಗೆ ಹರಿತ' ಎಂದರೆ ಸಾಕು. ಮೂಲದ ಲ್ಯಾಟಿನ್ ಬೇರಿಗೂ ಅದು ನಿಷ್ಠವಾಗಿರುತ್ತದೆ, ಪ್ರಕಾಶಕರಿಗೆ ಅದು ಗೊತ್ತಾಗಬೇಕಾಗಿಲ್ಲ.

ಪ್ರಶ್ನೆ: ನಮ್ಮದು ಅಕ್ಕಸಾಲಿಗರ ಮನೆ. ನಾನು ಬಿ.ಕಾಂ. ಓದುತ್ತಿದ್ದೇನೆ. ಪಠ್ಯದಲ್ಲಿ 'ಆ್ಯಸಿಡ್ ಟೆಸ್ಟ್ ರೇಷಿಯೊ' ಬಂದಾಗ ಅಪ್ಪನ ಅಂಗಡಿಯ ಸೀಸೆಯೇ ಕಣ್ಣಿಗೆ ಬಂತು. ಚುನಾವಣೆ ಬಂದರೆ ಇಂಗ್ಲಿಷ್ ಪತ್ರಿಕೆಗಳೂ ಆ್ಯಸಿಡ್ ಟೆಸ್ಟ್ ಎನ್ನುತ್ತವೆ, ಇನ್ನು ಕೆಲವು ಲಿಟ್ಮಸ್ ಟೆಸ್ಟ್ ಎನ್ನುತ್ತವೆ. ಮೇಷ್ಟರನ್ನು ಕೇಳಲು ನಾಚಿಕೆ. ಇವುಗಳಿಗೆ ಸಂಬಂಧ ಇದೆಯೇ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಾಚಿಕೆಪಡುವಂಥದ್ದು ಏನೂ ಇಲ್ಲ. ಇಡೀ ತರಗತಿಯಲ್ಲಿ ಈ ಪದದ ಮೂಲವನ್ನು ಕಣ್ಣಾರೆ ಕಂಡವರು ಬಹುಶಃ ನೀವೊಬ್ಬರೇ. ಅಪ್ಪನ ಅಂಗಡಿಯ ಸೀಸೆ ಕಣ್ಣಿಗೆ ಬಂದದ್ದು ಸರಿಯಾಗಿಯೇ ಇದೆ. ಪದ ಹುಟ್ಟಿದ್ದು ಅಂಥ ಸೀಸೆಯಿಂದಲೇ.

ನಿಮ್ಮ ತಂದೆ ಒಡವೆಯನ್ನು ಕಪ್ಪು ಒರೆಗಲ್ಲಿನ ಮೇಲೆ ಉಜ್ಜಿ ಗೆರೆ ಎಳೆಯುತ್ತಾರೆ. ಅದರ ಮೇಲೆ ನೈಟ್ರಿಕ್ ಆಮ್ಲದ ಒಂದು ಹನಿ ಬಿಡುತ್ತಾರೆ. ತಾಮ್ರ, ಹಿತ್ತಾಳೆ, ಬೆಳ್ಳಿ ಆ ಹನಿಯಲ್ಲಿ ಕರಗಿ ಹೋಗುತ್ತವೆ. ಚಿನ್ನ ಕರಗುವುದಿಲ್ಲ, ಗೆರೆ ಹಾಗೇ ನಿಲ್ಲುತ್ತದೆ. ಬೆರಕೆ ಹೆಚ್ಚಿದ್ದಷ್ಟೂ ಗೆರೆ ಮಸುಕಾಗುತ್ತದೆ. ಅಕ್ಕಪಕ್ಕದಲ್ಲಿ ಗೊತ್ತಿರುವ ಕ್ಯಾರೆಟ್ಟಿನ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು ಹೋಲಿಸಿದರೆ ಬೆರಕೆ ಎಷ್ಟು ಎಂಬ ಅಂದಾಜೂ ಸಿಗುತ್ತದೆ. ಚಿನ್ನವನ್ನೂ ಕರಗಿಸುವ ದ್ರವ ಇಲ್ಲವೆಂದಲ್ಲ. 'ಆಕ್ವಾ ರೀಜಿಯಾ' (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕರಗಿಸುತ್ತದೆ. 1940ರಲ್ಲಿ ನಾಜಿ ಸೈನ್ಯ ಕೋಪನ್‌ಹೇಗನ್ನಿಗೆ ನುಗ್ಗಿದಾಗ ಜಾರ್ಜ್ ಡಿ ಹೆವೆಸಿ ಎಂಬ ರಸಾಯನವಿಜ್ಞಾನಿ ಇಬ್ಬರು ಜರ್ಮನ್ ವಿಜ್ಞಾನಿಗಳ ನೊಬೆಲ್ ಪದಕಗಳನ್ನು ಇದರಲ್ಲಿ ಕರಗಿಸಿ ಸೀಸೆಯನ್ನು ಕಪಾಟಿನಲ್ಲಿ ಇಟ್ಟುಬಿಟ್ಟರು. ಯುದ್ಧ ಮುಗಿದ ಮೇಲೆ ಆ ಚಿನ್ನವನ್ನು ಮತ್ತೆ ಬೇರ್ಪಡಿಸಿ ಪದಕಗಳನ್ನು ಹೊಸದಾಗಿ ಮಾಡಿಸಲಾಯಿತು. ಈ ಕಥೆಯನ್ನು ಇಂದು ಸಂಜೆ ಅಪ್ಪನಿಗೆ ಹೇಳಿ.

ಅಸಲಿ–ನಕಲಿ ಬಯಲಾಗುವ ಈ ಒಂದು ಹನಿಯಿಂದ, ಒಬ್ಬರ ಯೋಗ್ಯತೆಯನ್ನು ಮರೆಮಾಚಲಾಗದಂತೆ ತೋರಿಸುವ ಯಾವ ಪರೀಕ್ಷೆಗೂ ಆ್ಯಸಿಡ್ ಟೆಸ್ಟ್ ಎಂಬ ಹೆಸರು ಬಂತು. ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ 1918ರ ಜನವರಿ 8ರಂದು ಮಂಡಿಸಿದ ಹದಿನಾಲ್ಕು ಅಂಶಗಳ ಭಾಷಣದಲ್ಲಿ, ರಷ್ಯಾದ ವಿಚಾರ ಹೇಳುವಾಗ ಈ ಮಾತನ್ನು ಬಳಸಿದರು. ಅಲ್ಲಿಂದ ಮುಂದೆ ರಾಜಕೀಯದವರಿಗೆ ಇದು ಬಲು ಪ್ರಿಯವಾಯಿತು. ಕನ್ನಡ ಪತ್ರಿಕೆಗಳು ಇಲ್ಲಿ 'ಅಗ್ನಿಪರೀಕ್ಷೆ' ಎನ್ನುತ್ತವೆ. ಅರ್ಥ ತಪ್ಪಲ್ಲ. ಆದರೂ 'ಒರೆಗೆ ಹಚ್ಚುವುದು' ಎಂಬ ಚಿನಿವಾರರ ಮಾತು ನಮ್ಮಲ್ಲೇ ಇರುವಾಗ ಪ್ರತಿಯೊಂದು ಉಪಚುನಾವಣೆಗೂ ಸೀತೆಯನ್ನು ಬೆಂಕಿಗೆ ಇಳಿಸುವುದೇಕೆ ಎಂಬುದು ನನ್ನ ಗೊಣಗು.

ಇನ್ನು ನಿಮ್ಮ ಪಠ್ಯ. ಒಂದು ವ್ಯಾಪಾರಕ್ಕೆ ನಾಳೆಯೇ ಸಾಲ ಕೊಟ್ಟವರು ಬಂದು ನಿಂತರೆ ಕೊಡಲು ಕೈಯಲ್ಲಿ ಏನಿದೆ ಎಂಬುದು ಪ್ರಶ್ನೆ. ಚಾಲ್ತಿ ಆಸ್ತಿಗಳಿಂದ (ಒಂದು ವರ್ಷದೊಳಗೆ ಹಣವಾಗುವಂಥವು) ಮಾರಾಟವಾಗದೆ ಉಳಿದ ಸರಕನ್ನು ಕಳೆಯಿರಿ. ಮುಂಗಡವಾಗಿ ಕಟ್ಟಿದ ಖರ್ಚನ್ನೂ ಕಳೆಯಿರಿ. ಉಳಿದದ್ದನ್ನು ಚಾಲ್ತಿ ಹೊಣೆಗಳಿಂದ (ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ) ಭಾಗಿಸಿ. 1:1 ಬಂದರೆ ಸಾಮಾನ್ಯವಾಗಿ ತೃಪ್ತಿಕರ ಎಂದು ಎಣಿಸುತ್ತಾರೆ. ಉದಾಹರಣೆಗೆ, ಚಾಲ್ತಿ ಆಸ್ತಿ 5 ಲಕ್ಷ, ಅದರಲ್ಲಿ ಸರಕು 3 ಲಕ್ಷ, ಹೊಣೆ 2 ಲಕ್ಷ. ಮೇಲ್ನೋಟಕ್ಕೆ ಸಿರಿವಂತ ಅಂಗಡಿ. ಸರಕನ್ನು ತೆಗೆದಿಟ್ಟರೆ ಕೈಯಲ್ಲಿ ಉಳಿಯುವುದು 2 ಲಕ್ಷ, ಅನುಪಾತ ಸರಿಯಾಗಿ 1:1. ಹೊಳಪನ್ನು ತೆಗೆದು ಒಳಗಿನ ಚಿನ್ನ ಎಷ್ಟೆಂದು ನೋಡುವ ಲೆಕ್ಕ ಇದು, ಅದಕ್ಕೇ ಈ ಹೆಸರು. 'ಕ್ವಿಕ್ ರೇಷಿಯೊ' (ತ್ವರಿತ ಅನುಪಾತ) ಎಂದು ಪ್ರಶ್ನೆಪತ್ರಿಕೆಯಲ್ಲಿ ಬಂದರೂ ಗಾಬರಿ ಬೇಡ, ಎರಡೂ ಒಂದೇ.

ಲಿಟ್ಮಸ್ ಬೇರೆ ಸಂಗತಿ. ಅದು ಕಲ್ಲುಹೂವುಗಳಿಂದ (ಬಂಡೆ, ಮರಗಳ ಮೇಲೆ ಬೆಳೆಯುವ ಜೀವಿ) ತೆಗೆಯುವ ಬಣ್ಣ. ಹುಳಿ ತಾಗಿದರೆ ಕೆಂಪು, ಕ್ಷಾರ ತಾಗಿದರೆ ನೀಲಿ. ಆ್ಯಸಿಡ್ ಟೆಸ್ಟ್ ಗುಣವನ್ನು ಒರೆಗೆ ಹಚ್ಚಿದರೆ ಲಿಟ್ಮಸ್ ಟೆಸ್ಟ್ ನೀವು ಈ ಕಡೆಯೋ ಆ ಕಡೆಯೋ ಎಂದು ಕೇಳುತ್ತದೆ. ನ್ಯಾಯಾಧೀಶರ ನೇಮಕದ ವೇಳೆ ಅಮೆರಿಕದ ರಾಜಕಾರಣಿಗಳು ಒಂದೇ ವಿಷಯ ಹಿಡಿದು ಅವರ ಬಣ್ಣ ನೋಡುವುದು ಲಿಟ್ಮಸ್ ಟೆಸ್ಟ್. ಸರ್ಕಾರ ಬರಗಾಲವನ್ನು ಹೇಗೆ ನಿಭಾಯಿಸುತ್ತದೆ ಎಂಬುದು ಆ್ಯಸಿಡ್ ಟೆಸ್ಟ್. ಪತ್ರಿಕೆಗಳು ಎರಡನ್ನೂ ಕಲಸುತ್ತವೆ, ನೀವು ಕಲಸಬೇಡಿ.

ಪ್ರಶ್ನೆ: ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ಆಮ್ಲಜನಕ ಎಂದರೆ ಆಮ್ಲವನ್ನು ಹುಟ್ಟಿಸುವುದು. ಹಾಗಾದರೆ ನಾವು ಉಸಿರಾಡಿದಾಗ ಒಳಗೆಲ್ಲ ಆ್ಯಸಿಡ್ ಆಗುವುದಿಲ್ಲವೇ? ಮಗು ನಿಜಕ್ಕೂ ಹೆದರಿದೆ. ಇಂಗ್ಲಿಷ್ ಹೆಸರಿನಲ್ಲೂ ಹೀಗೇ ಇದೆಯೇ?
— ಶಿಕ್ಷಕಿ, ಸಿಂಧನೂರು

ಉತ್ತರ: ಆ ಮಗುವಿಗೆ ಮೊದಲು ಹೇಳಿ: ಉಸಿರು ನಿನ್ನನ್ನು ಸುಡುವುದಿಲ್ಲ, ನಿಶ್ಚಿಂತೆಯಿಂದ ಉಸಿರಾಡು. ನಮ್ಮ ರಕ್ತ ಹುಳಿಯಲ್ಲ, ಬದಲಿಗೆ ಕೊಂಚ ಕ್ಷಾರದ ಕಡೆಗಿದೆ. ಅದರ ಪಿಎಚ್ (ಹುಳಿ–ಕ್ಷಾರಗಳನ್ನು ಅಳೆಯುವ ಅಳತೆ, 7 ಎಂದರೆ ಎರಡೂ ಅಲ್ಲ) 7.35ರಿಂದ 7.45ರ ನಡುವೆ ನಿಲ್ಲುವಂತೆ ಶ್ವಾಸಕೋಶ, ಮೂತ್ರಪಿಂಡಗಳು ಹಗಲಿರುಳು ನೋಡಿಕೊಳ್ಳುತ್ತವೆ. ನಿಂಬೆರಸದ ಪಿಎಚ್ 2ರ ಆಸುಪಾಸು.

ಆಮೇಲೆ ಅವಳ ಬೆನ್ನು ತಟ್ಟಿ. ಅವಳು ಹಿಡಿದಿರುವುದು ಇನ್ನೂರು ವರ್ಷಕ್ಕೂ ಹಳೆಯ ತಪ್ಪೊಂದನ್ನು. ಫ್ರಾನ್ಸಿನ ಲವಾಸಿಯೇ, ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತದೆ, ಹುಳಿತನ ಬರುವುದು ಇದರಿಂದಲೇ ಎಂದು ನಂಬಿದ್ದರು. ಅದಕ್ಕೇ ಗ್ರೀಕಿನ 'ಆಕ್ಸಿಸ್', 'ಜನ್' ಎಂಬ ತುಣುಕುಗಳನ್ನು ಜೋಡಿಸಿ ಹೆಸರಿಟ್ಟರು. ಆಕ್ಸಿಸ್ ಎಂದರೆ ಗ್ರೀಕಿನಲ್ಲಿ ಚೂಪು ಎಂದೂ ಹೌದು, ಹುಳಿ ಎಂದೂ ಹೌದು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಇಂದು ನಾವು ಹೈಡ್ರೋಕ್ಲೋರಿಕ್ ಎಂದು ಕರೆಯುವ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ತೋರಿಸಿದರು. ಹುಳಿತನಕ್ಕೆ ಕಾರಣ ಹೈಡ್ರೋಜನ್ ಎಂಬುದು ಆಮೇಲೆ ಗಟ್ಟಿಯಾಯಿತು. ಅಷ್ಟರಲ್ಲಿ ಹೆಸರು ಊರೆಲ್ಲ ಹರಡಿತ್ತು. ಜರ್ಮನ್ನರು 'ಹುಳಿವಸ್ತು' ಎಂದೇ ಕರೆದರು, ನಾವು ಸಂಸ್ಕೃತದಿಂದ ಆಮ್ಲಜನಕ ಎಂದು ಮಾಡಿಕೊಂಡೆವು. ತಪ್ಪನ್ನೂ ಸೇರಿಸಿಯೇ ಇಷ್ಟು ಪ್ರಾಮಾಣಿಕವಾಗಿ ಅನುವಾದಿಸಿದ್ದಕ್ಕೆ ನಗಬೇಕೋ ಮೆಚ್ಚಬೇಕೋ ತಿಳಿಯದು.

ತರಗತಿಯಲ್ಲಿ ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ, ಒಂದು ಲೋಟಕ್ಕೆ ನಿಂಬೆರಸ, ಇನ್ನೊಂದಕ್ಕೆ ಸೋಪಿನ ನೀರು ಹಾಕಿಸಿ. ಮೊದಲನೆಯದು ಗುಲಾಬಿ, ಎರಡನೆಯದು ಹಸಿರು. ಬಳಿಕ ಒಂದು ಹುಲ್ಲುಕಡ್ಡಿಯಿಂದ (ಪ್ಲಾಸ್ಟಿಕ್ಕಿನದಾದರೂ ಸರಿ) ಇನ್ನೊಂದು ಲೋಟ ದಾಸವಾಳದ ನೀರಿಗೆ ಸೈಕಲ್ ಪಂಪಿನ ಗಾಳಿ ಹಾಯಿಸಲಿ. ಆಮ್ಲಜನಕ ಇರುವ ಗಾಳಿಯೇ ಅದು. ಬಣ್ಣ ಗುಲಾಬಿಗೆ ತಿರುಗುವುದಿಲ್ಲ ಎಂಬುದನ್ನು ಹುಡುಗಿ ತಾನೇ ನೋಡಲಿ.

ಪ್ರಶ್ನೆ: ಮಗನ ಮನೆಗೆಂದು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದಿದ್ದೇವೆ. ಡಾಕ್ಟರ ಬಳಿ 'ಐ ಹ್ಯಾವ್ ಅಸಿಡಿಟಿ' ಎಂದೆ. ಅವರು ಏನೆಂದು ಮತ್ತೆ ಮತ್ತೆ ಕೇಳಿದರು. ಅಲ್ಲದೆ ನೆರೆಮನೆಯ ಹೆಂಗಸಿನ ಮಾತು ಹುಳಿಹುಳಿ ಎನ್ನಲು 'ಶಿ ಈಸ್ ಎ ಟಾರ್ಟ್' ಎಂದೆ. ಸೊಸೆ ಬಾಯಿ ಮುಚ್ಚಿದಳು. ಹೊರಗೆ ಬಾಯಿ ಬಿಡಲೇ ಅಂಜಿಕೆ.
— ನಿವೃತ್ತ ಗುಮಾಸ್ತರು, ಊರು ದಾವಣಗೆರೆ

ಉತ್ತರ: ಬಾಯಿ ಬಿಡಿ, ಅಂಜಬೇಡಿ. ನಿಮ್ಮ ಮೊದಲ ವಾಕ್ಯ ಭಾರತದ ಯಾವ ಡಾಕ್ಟರಿಗೂ ಅರ್ಥವಾಗುತ್ತದೆ. ಹುಳಿತೇಗು, ಎದೆಯುರಿಗೆ ಅಸಿಡಿಟಿ ಎನ್ನುವುದು ನಮ್ಮ ದೇಶದ ಇಂಗ್ಲಿಷಿನ ಬಳಕೆ. ಬ್ರಿಟನ್ನಿನಲ್ಲಿ ಅಸಿಡಿಟಿ ಎಂದರೆ ಮಣ್ಣಿನದೋ ವೈನಿನದೋ ಹುಳಿತನ, ಇಲ್ಲವೇ ಒಬ್ಬರ ಮಾತಿನ ಕಟುತನ. ಅಲ್ಲಿ 'ಹಾರ್ಟ್‌ಬರ್ನ್' ಅಥವಾ 'ಆ್ಯಸಿಡ್ ರಿಫ್ಲಕ್ಸ್' (ಜಠರದ ಹುಳಿ ಅನ್ನನಾಳಕ್ಕೆ ಮೇಲೇರುವುದು) ಎನ್ನಿ.

ಒಂದು ಮಾತು ಮಾತ್ರ ಮರೆಯಬೇಡಿ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು, ಏದುಸಿರು ಬಂದರೆ ಯಾವ ಪದ ಸರಿ ಎಂದು ಯೋಚಿಸುತ್ತ ಕೂರಬೇಡಿ. 'ಚೆಸ್ಟ್ ಪೇನ್' ಎಂದು ಹೇಳಿ 999ಕ್ಕೆ ಫೋನ್ ಮಾಡಿಸಿ.

ಸೊಸೆ ಬಾಯಿ ಮುಚ್ಚಿದ್ದು ಒಳ್ಳೆಯದೇ ಆಯಿತು. ಹುಳಿ, ಚುರುಕು ಎಂಬ ಅರ್ಥದ 'ಟಾರ್ಟ್' ವಿಶೇಷಣ. ಹಣ್ಣಿಗೆ, ಉತ್ತರಕ್ಕೆ, ಮಾತಿಗೆ ಹೇಳಬಹುದು. ಹಣ್ಣು ತುಂಬಿದ ತಿನಿಸಿಗೂ ಟಾರ್ಟ್ ಎನ್ನುತ್ತಾರೆ, ಅದು ಫ್ರೆಂಚಿನಿಂದ ಬಂದ ಬೇರೆಯೇ ಪದ. ಹೆಂಗಸನ್ನು 'ಎ ಟಾರ್ಟ್' ಎಂದರೆ ಮಾತ್ರ ಅವಳ ಶೀಲವನ್ನು ಹೀಯಾಳಿಸುವ ಬೈಗುಳ. 19ನೇ ಶತಮಾನದಲ್ಲಿ ಮುದ್ದಿನ ಮಾತಾಗಿ ಶುರುವಾಗಿ ಕೆಲವೇ ದಶಕಗಳಲ್ಲಿ ಕೆಳಗಿಳಿಯಿತು. ನಡುವಿನ ಆ ಸಣ್ಣ 'ಎ' ಇಷ್ಟೆಲ್ಲ ಅನಾಹುತ ಮಾಡುತ್ತದೆ. ನೆರೆಯವರು ಕೇಳಿಸಿಕೊಂಡಿರದಿದ್ದರೆ ಸುಮ್ಮನಿರಿ. ಕೇಳಿಸಿಕೊಂಡಿದ್ದರೆ ಸೊಸೆಯ ಜೊತೆ ಹೋಗಿ, ನನ್ನ ಇಂಗ್ಲಿಷ್ ತಪ್ಪಾಯಿತು ಎಂದು ಹೇಳಿಬಿಡಿ.

ಪ್ರಶ್ನೆ: ಪತ್ರಿಕೆಯ ವಾಣಿಜ್ಯ ಪುಟದಲ್ಲಿ 'ಸೌರ್ ಕ್ರೂಡ್' ಎಂದಿತ್ತು. ಕಚ್ಚಾತೈಲ ಹುಳಿಯಾಗುತ್ತದೆಯೇ? ನಮ್ಮ ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್ ಕೆಟ್ಟದ್ದೇ?
— ರೈತ, ಹಾವೇರಿ

ಉತ್ತರ: ಟ್ರ್ಯಾಕ್ಟರಿಗೆ ಏನೂ ಆಗುವುದಿಲ್ಲ. ಗಂಧಕದ ಅಂಶ ಶೇ 0.5ಕ್ಕಿಂತ ಹೆಚ್ಚಿರುವ ಕಚ್ಚಾತೈಲಕ್ಕೆ ಸೌರ್ ಎಂದೂ ಕಡಿಮೆ ಇರುವುದಕ್ಕೆ ಸ್ವೀಟ್ ಎಂದೂ ಹೆಸರು. ಹಿಂದಿನ ಕಾಲದ ತೈಲದವರು ವಾಸನೆ, ರುಚಿ ನೋಡಿಯೇ ಗಂಧಕವನ್ನು ಗುರುತಿಸುತ್ತಿದ್ದರು. ಭಾರತ ಕೊಳ್ಳುವ ತೈಲದ ಸರಾಸರಿ ಬೆಲೆಯನ್ನು ಲೆಕ್ಕ ಹಾಕುವಾಗ ಒಮಾನ್–ದುಬೈ ತೈಲ ಸೌರ್ ಪಾಲಿಗೆ, ಬ್ರೆಂಟ್ ತೈಲ ಸ್ವೀಟ್ ಪಾಲಿಗೆ ಬರುತ್ತವೆ. ಗಂಧಕವನ್ನು ಸಂಸ್ಕರಣಾಗಾರದಲ್ಲೇ ತೆಗೆದು ಡೀಸೆಲ್ ಕಳಿಸುತ್ತಾರೆ.

ಪ್ರಶ್ನೆ: ಬಡ್ತಿ ಸಿಗದ ಗೆಳೆಯನಿಗೆ ಹೊಟ್ಟೆಕಿಚ್ಚು ಎನ್ನಲು 'ಸೌರ್ ಗ್ರೇಪ್ಸ್' ಎಂದೆ. ತಪ್ಪೆಂದು ಅವನೇ ತಿದ್ದಿದ. ಯಾರು ಸರಿ?
— ಬ್ಯಾಂಕ್ ಉದ್ಯೋಗಿ, ಕಲಬುರಗಿ

ಉತ್ತರ: ಗೆಳೆಯರೇ ಸರಿ. ಈಸೋಪನ ನರಿಗೆ ಹೊಟ್ಟೆಕಿಚ್ಚು ಇರಲಿಲ್ಲ. ಎಟುಕದ ದ್ರಾಕ್ಷಿ ಹುಳಿ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಿತು. ನಿಮ್ಮ ಗೆಳೆಯ 'ಆ ಹುದ್ದೆ ಯಾರಿಗೆ ಬೇಕಿತ್ತು, ಬರೀ ತಲೆನೋವು' ಎಂದಿದ್ದರೆ ಮಾತ್ರ ಸೌರ್ ಗ್ರೇಪ್ಸ್. ಬಡ್ತಿ ಸಿಗದ ವಾರದಲ್ಲಿ ಎರಡರಲ್ಲಿ ಯಾವುದನ್ನೂ ಅವರಿಗೆ ಹೇಳದಿದ್ದರೆ ಚೆನ್ನಿತ್ತು.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಹೊಸ ಕಾರು ಕೊಂಡ. ತಿಂಗಳೊಳಗೆ ಫೋನ್ ಮಾಡಿ 'ಅಮ್ಮಾ, ಕಾರು ಲೆಮನ್' ಎಂದ. ನಾವು ಪೂಜೆ ಮಾಡಿ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೇಳಿದ್ದೆವು, ಅದನ್ನೇ ಹೇಳುತ್ತಿದ್ದಾನೆ ಎಂದುಕೊಂಡೆ. ದನಿ ಸಪ್ಪೆಯಿತ್ತು. ಏನಾಗಿರಬಹುದು?
— ಗೃಹಿಣಿ, ಹಾಸನ

ಉತ್ತರ: ಮಗನಿಗೆ ಏನೂ ಆಗಿಲ್ಲ, ಕಾರಿಗೆ ಆಗಿದೆ. ರಿಪೇರಿ ಮಾಡಿಸಿದಷ್ಟೂ ಕೆಡುತ್ತಲೇ ಇರುವ ವಾಹನಕ್ಕೆ ಅಮೆರಿಕದವರು ಲೆಮನ್ ಎನ್ನುತ್ತಾರೆ. ದೃಷ್ಟಿಯಾಗದಿರಲೆಂದು ನಾವು ಚಕ್ರದಡಿಗೆ ಇಡುವ ಹಣ್ಣೇ ಅಲ್ಲಿ ಕೆಟ್ಟ ಕಾರಿನ ಹೆಸರು! ಕೊಳ್ಳುವವರಿಗೆ ಗೊತ್ತಿಲ್ಲದ ದೋಷ ಮಾರುವವರಿಗೆ ಗೊತ್ತಿದ್ದರೆ ಮಾರುಕಟ್ಟೆ ಏನಾಗುತ್ತದೆ ಎಂಬ ಬಗ್ಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧದ ಹೆಸರಿನಲ್ಲೂ ಈ ಲೆಮನ್ ಇದೆ. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಮಗನಿಗೆ ಧೈರ್ಯ ಹೇಳಿ. ಅಲ್ಲಿ ಇಂಥ ಕಾರುಗಳಿಗೆಂದೇ 'ಲೆಮನ್ ಲಾ' ಎಂಬ ಕಾನೂನುಗಳಿವೆ, ಕನೆಕ್ಟಿಕಟ್ ರಾಜ್ಯ 1982ರಲ್ಲಿ ಮೊದಲು ತಂದಿತು. ಒಂದೇ ದೋಷಕ್ಕೆ ಹಲವು ಸಲ ರಿಪೇರಿ ಮಾಡಿದರೂ ಸರಿಹೋಗದಿದ್ದರೆ ತಯಾರಕರು ಕಾರು ಬದಲಿಸಿಕೊಡಬೇಕು ಇಲ್ಲವೇ ಹಣ ಮರಳಿಸಬೇಕು. ಎಷ್ಟು ಸಲ, ಎಷ್ಟು ದಿನದೊಳಗೆ ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪ್ರತಿ ಸಲ ಗ್ಯಾರೇಜಿಗೆ ಬಿಟ್ಟಾಗಲೂ ದಿನಾಂಕ ಮತ್ತು ದೋಷವನ್ನು ಬರೆಸಿದ ರಸೀದಿ ತೆಗೆದುಕೊಳ್ಳಲಿ, ಒಂದನ್ನೂ ಕಳೆಯದಿರಲಿ.